ಸೌತ್ ಸಿಯ ರಣಕಹಳೆ

ಒಂಟಿಯಾಗಿ ಬದುಕುವ ಗಂಡಸಿಗೆ ಮಾಡಲು ಏನೂ ಕೆಲಸವಿರುವುದಿಲ್ಲ ಎಂಬ ನಂಬಿಕೆ ಜಗತ್ತಿನ ಎಲ್ಲ ಕಡೆಯೂ ಇದೆ. ಮೈಸೂರಿನಲ್ಲಿದ್ದಾಗ ಇದು ನಮ್ಮ ಬಂಧುಗಳ ಕುಹಕ ಎಂದುಕೊಂಡಿದ್ದೆ. ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಇದು ಸಮುದ್ರ ದಾಟಿದರೂ ಬದಲಾಗದ ಮಾತು ಎಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಹೆಂಡತಿ ಮಕ್ಕಳಿರುವವರಿಗೆ ಸಂಜೆ ಅನ್ನುವುದೊಂದು ಇರುತ್ತದೆ. ನನ್ನಂಥವನಿಗೆ ಇರುವುದು ಬರೀ ಬಿಡುವು. ಪಕ್ಕದ ಮನೆಯಿಂದ ಏಣಿ ಕೇಳಿ ಪಡೆದ ಹಾಗೆ ಆ ಬಿಡುವನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸಲು ಮೂರ್ತಿ. ಮೊಂಬಾಸಾ ರಸ್ತೆಯಲ್ಲಿರುವ ನಮ್ಮ ಔಷಧ ಕಾರ್ಖಾನೆಯಲ್ಲಿ ಕ್ರಿಸ್‌ಮಸ್ ರಜೆಯ ಡ್ಯೂಟಿಗೆ ಮೂರ್ತಿ. ಯಾರದೋ ಅತ್ತೆಯನ್ನು ಏರ್‌ಪೋರ್ಟಿನಿಂದ ಕರೆತರಲೂ ಮೂರ್ತಿ. ಹೀಗೇ ಒಂದು ಭಾನುವಾರ, ಸೌತ್ ಸಿ ಬಡಾವಣೆಯ ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ ನಾನು ಕೈತೊಳೆಯಲು ಎದ್ದುಹೋಗಿ ಬರುವಷ್ಟರಲ್ಲಿ ನನ್ನನ್ನು ಅವಿರೋಧವಾಗಿ ಕಾರ್ಯದರ್ಶಿಯಾಗಿ ಆರಿಸಿಬಿಟ್ಟಿದ್ದರು. ಬಾಗಿಲ ಬಳಿ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರನ್ನು 'ಮುರೀಥಿ' ಎಂದು ಬರೆದಿದ್ದರು. ಅದು ಮೌಂಟ್ ಕೆನ್ಯಾ ಬದಿಯ ಮೇರು ಜನರ ಹೆಸರು. ತಿದ್ದಿಸೋಣ ಎಂದುಕೊಂಡೆ; ಆದರೆ ತಿದ್ದಬೇಕಾದವನು ಕಾರ್ಯದರ್ಶಿಯಾದ ನಾನೇ ಎಂದು ಗೊತ್ತಾಗಿ ಸುಮ್ಮನಾದೆ.

ಕಾರ್ಯದರ್ಶಿಯಾದ ಎರಡನೆಯ ತಿಂಗಳಲ್ಲಿ ಆ ಸದ್ದು ಶುರುವಾಯಿತು. ಅದೊಂದು ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ನಾನು ಅವಲಕ್ಕಿ ನೆನೆಹಾಕಿ ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಮೇಲಿನಿಂದ, ಬಾವಿಗೆ ಬಿದ್ದ ಎಮ್ಮೆಯೊಂದು ಅಲ್ಲಿಂದಲೇ ಯಾರನ್ನೋ ಬೈದ ಹಾಗೆ ಒಂದು ಸದ್ದು ಕೇಳಿಸಿತು. ನ್ಯಾಷನಲ್ ಪಾರ್ಕಿನ ಬೇಲಿ ನಮ್ಮಿಂದ ಬಹಳ ದೂರವೇನಿಲ್ಲ. ಆಗಾಗ ಸಿಂಹ ಹೊರಗೆ ಬಂದಿದೆ ಎಂಬ ಸುದ್ದಿಯೂ ಹಬ್ಬುತ್ತಿರುತ್ತದೆ. ಆದರೆ ಯಾವ ಪ್ರಾಣಿಯೂ ಬೇಲಿ ಹಾರಿ, ಗೇಟಿನ ಕಾವಲಿನ ಅಸ್ಕಾರಿಯ ಪುಸ್ತಕದಲ್ಲಿ ಹೆಸರು ಬರೆಸಿ, ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಹೋಗಲಾರದು ಎಂದು ಸಮಾಧಾನ ಮಾಡಿಕೊಂಡೆ. ಸದ್ದು ಇನ್ನೊಮ್ಮೆ ಬಂತು. ಸಾಸಿವೆ ಡಬ್ಬಿ ಕೈಜಾರಿ ಬಿತ್ತು.

ಮೂರನೆಯ ಶನಿವಾರ ನನ್ನ ಬಾಗಿಲು ಬಡಿದವಳು ಕೆಳಗಿನ ಮಹಡಿಯ ಗ್ರೇಸ್. ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ತಲೆಗೆ ಬಟ್ಟೆ ಸುತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. "ಸೆಕ್ರೆಟರಿ, ರಾತ್ರಿಯೆಲ್ಲ ವಾರ್ಡಿನಲ್ಲಿ ನರಳಾಟ ಕೇಳಿ ಬರುತ್ತೇನೆ. ಮನೆಯಲ್ಲೂ ಅದೇನಾ? ಏನಾದರೂ ಮಾಡಿ," ಅಂದಳು. ಕಾರ್ಯದರ್ಶಿಗೆ ಮಾಡಲು ಬರುವುದು ಒಂದೇ. ಒಂದು ಎಚ್ಚರಿಕೆ ಪತ್ರ ಟೈಪು ಮಾಡಿ, ಇಂಗ್ಲಿಷಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಕಟುವಾಗಿ ಬರೆದು, ಕೊನೆಯಲ್ಲಿ ಹೆದರಿ 'ದಯವಿಟ್ಟು' ಸೇರಿಸಿ, ಮೇಲೆ ಹತ್ತಿದೆ.

ಬಾಗಿಲು ತೆರೆದವರು ಡಾಕ್ಟರ್ ಒಡುವೊರ್. ಎಪ್ಪತ್ತು ದಾಟಿದ, ತೆಂಗಿನ ಮರದಂತೆ ಉದ್ದವಾದ ಮನುಷ್ಯ. ಮೊಣಕೈ ಸವೆದ ಸ್ವೆಟರ್. "ಓ, ನೀವೇ ಮುರೀಥಿ! ಮೇರು ಕಡೆಯವರು ಇರಬೇಕು ಅಂದುಕೊಂಡಿದ್ದೆ," ಎಂದು ನಕ್ಕರು. ಅವರ ಹಿಂದೆ ಕಂಡ ದೃಶ್ಯದಿಂದ ನನ್ನ ಕೈಯಲ್ಲಿದ್ದ ಪತ್ರ ನನಗೇ ಮರೆತುಹೋಯಿತು. ಸೋಫಾದ ತಲೆಯಿಂದ ಊಟದ ಮೇಜಿನವರೆಗೆ ಒಂದು ಹಿತ್ತಾಳೆಯ ಕೊಳವೆ ಮಲಗಿತ್ತು. ಆಳಿಗಿಂತ ಉದ್ದ. ಅದರ ತುದಿಯಲ್ಲಿ ಬಾಯಿ ತೆರೆದ ಒಂದು ಹಂದಿಯ ತಲೆ. ಬಾಯಿಯೊಳಗೆ ಮರದ ನಾಲಿಗೆ. ನಾನು ಕಾಲಿಟ್ಟ ಕಂಪನಕ್ಕೆ ಆ ನಾಲಿಗೆ ಲಟಲಟ ಅಲ್ಲಾಡಿತು.

"ಕಾರ್ನಿಕ್ಸ್," ಎಂದರು, ಮನೆಗೆ ಬಂದ ನೆಂಟನನ್ನು ಪರಿಚಯಿಸುವ ಹಾಗೆ. "ಎರಡು ಸಾವಿರ ವರ್ಷಗಳ ಹಿಂದೆ ಯುರೋಪಿನ ಕೆಲ್ಟ್ ಜನ ಯುದ್ಧದಲ್ಲಿ ಊದುತ್ತಿದ್ದ ಕಹಳೆ. ಬಾಯಿಗಿಟ್ಟುಕೊಂಡು ನೆಟ್ಟಗೆ ಮೇಲಕ್ಕೆ ಎತ್ತಿ ಹಿಡಿಯಬೇಕು. ಮೃಗದ ತಲೆ ಸೈನ್ಯದ ತಲೆಗಳಿಗಿಂತ ಮೇಲೆ ಇರಬೇಕು. ನಮ್ಮ ಮನೆಯ ಸೂರು ತಗ್ಗು. ಅದಕ್ಕೇ ಮಲಗಿಸಿದ್ದೇನೆ."

ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಯುರೋಪಿನ ಪ್ರಾಚೀನ ಇತಿಹಾಸ ಪಾಠ ಮಾಡಿದವರು ಅವರು. ವಿಕ್ಟೋರಿಯಾ ಸರೋವರದ ಬದಿಯ ಲುವೋ ಮನುಷ್ಯನಾಗಿ ಕೆಲ್ಟರ ಹುಚ್ಚು ಹೇಗೆ ಹತ್ತಿತು ಎಂದು ಕೇಳಿಬಿಟ್ಟೆ. ಅವರಿಗೆ ಈ ಪ್ರಶ್ನೆ ಹಳೆಯದು. "ಬಿಳಿಯರು ಬಂದು ನಮ್ಮ ಅಜ್ಜಿಯ ಮಡಕೆಯನ್ನು ಅಳತೆ ಮಾಡಿ ಪುಸ್ತಕ ಬರೆದರಲ್ಲ, ಅವರನ್ನು ಯಾರಾದರೂ ಯಾಕೆ ಅಂತ ಕೇಳಿದರಾ? ನಾನೂ ಅವರ ಅಜ್ಜನ ಕಹಳೆ ನೋಡೋಣ ಅಂತ ಹೊರಟೆ. ನೋಡುತ್ತಾ ಇಷ್ಟವಾಯಿತು," ಅಂದರು. ಮೂವತ್ತು ವರ್ಷ ಆ ಸದ್ದಿನ ಬಗ್ಗೆ ಮಾತಾಡಿದ್ದಾರೆ. ಸ್ವತಃ ಒಮ್ಮೆಯೂ ಕೇಳಿಲ್ಲ. ಕಂಪ್ಯೂಟರಿನಲ್ಲಿ ಕೇಳಿದ್ದರಂತೆ. ಅದು ಫೋಟೋ ನೋಡಿ ಊಟ ಮಾಡಿದ ಹಾಗಾಯಿತು ಎಂದರು. ಹೆಂಡತಿ ತೀರಿಕೊಂಡು ಮೂರು ವರ್ಷ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಏನಾದರೂ ಮಾಡಲೇಬೇಕೆನಿಸಿ ಚಿತ್ರಗಳನ್ನು ಹಿಡಿದುಕೊಂಡು ಕಾಮುಕುಂಜಿಗೆ ಹೋದರು. ಬಯಲಲ್ಲೇ ಕೂತು ತಗಡು ಬಡಿದು ಒಲೆ, ಟ್ರಂಕು ಮಾಡುವ ಸಾವಿರ ಸುತ್ತಿಗೆಗಳ ಜಾಗ ಅದು. ಅಲ್ಲಿ ಮ್ವಾಂಗಿ ಎಂಬ ಕಮ್ಮಾರ ಮೂರು ತಿಂಗಳು ಕೂತು ಇದನ್ನು ಮಾಡಿಕೊಟ್ಟ. ಒಂದೇ ತೊಂದರೆಯಾಯಿತು. ಯುರೋಪಿನ ಕಾಡುಹಂದಿಯನ್ನು ಮ್ವಾಂಗಿ ನೋಡಿರಲಿಲ್ಲ. ಚಿತ್ರ ನೋಡಿ, ಚಿತ್ರ ಬರೆದವನಿಗೆ ಹಂದಿ ಬರೆಯಲು ಬರುವುದಿಲ್ಲ ಎಂದು ತೀರ್ಮಾನಿಸಿ, ಇಲ್ಲಿಯ ಹಂದಿಯನ್ನೇ, ಮುಖದ ತುಂಬ ಗಂಟುಗಳಿರುವ, ಬಾಲ ಎತ್ತಿಕೊಂಡು ಓಡುವ ನಮ್ಮ ಪಾರ್ಕಿನ ಹಂದಿಯನ್ನೇ ಮಾಡಿಬಿಟ್ಟಿದ್ದ. "ಮೊದಲು ಬೇಸರವಾಯಿತು. ಆಮೇಲೆ ನೋಡಿದೆ, ಇದಕ್ಕೆ ಮುಖದಲ್ಲಿ ಕಳೆ ಇದೆ," ಎಂದು ಒಡುವೊರ್ ಅದರ ಗಂಟುಗಳನ್ನು ಸವರಿದರು.

ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಅಲ್ಪವಿರಾಮ ತಪ್ಪಿದೆ ಎಂದು ತೋರಿಸಿ, "ನೀವು ಹೇಳುವುದು ಸರಿ. ಆದರೆ ಗ್ರೇಸ್ ಕೇಳಿದ್ದು ಇದರ ನಿಜವಾದ ಸದ್ದಲ್ಲ. ನನ್ನ ಹೃದಯಕ್ಕೆ ಆಪರೇಷನ್ ಆಗಿದೆ. ಡಾಕ್ಟರು ಊದಬೇಡಿ ಅಂದಿದ್ದಾರೆ. ನಾನು ಊದುವುದು ಅರ್ಧ ಉಸಿರು, ಕದ್ದು," ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಶ್ವಾಸಕೋಶ ಹೇಗಿದೆ?" ಎಂದು ಕೇಳಿದರು.

ನಾನು ಕಹಳೆಯ ಮನೆತನದವನಲ್ಲ. ರಣಕಹಳೆ ಎಂಬ ಪದ ನನಗೆ ಗೊತ್ತಿದ್ದದ್ದು ಕನ್ನಡ ಪತ್ರಿಕೆಗಳಿಂದ. ಯಾವ ಪಕ್ಷದ ನಾಯಕರು ಯಾವ ತಾಲ್ಲೂಕಿಗೆ ಬಂದು ಮೈಕ್ ಹಿಡಿದರೂ ಮರುದಿನ 'ರಣಕಹಳೆ ಮೊಳಗಿಸಿದರು' ಎಂದು ಅಚ್ಚಾಗುತ್ತಿತ್ತು. ಸಾಂಚಿಯ ಸ್ತೂಪದ ಶಿಲ್ಪದಲ್ಲಿ ಇಂಥದೇ ಮೃಗಮುಖದ ಎರಡು ಕಹಳೆ ಊದುವವರಿದ್ದಾರೆ, ನೋಡಿದ್ದೀರಾ ಎಂದು ಒಡುವೊರ್ ಕೇಳಿದಾಗ, ಸಾಂಚಿ ರೈಲಿನ ಕಿಟಕಿಯಿಂದ ಕಂಡಿತ್ತು ಎಂದು ಸುಳ್ಳು ಹೇಳಿದೆ. ಅವರಿಗೆ ಬೇಸರವಾಗಬಾರದೆಂದು ಕೊಳವೆಗೆ ಬಾಯಿಟ್ಟು ಊದಿದೆ. ಬರೀ ಗಾಳಿ ಹೋಯಿತು. ಇನ್ನೊಮ್ಮೆ ಊದಿದೆ, ಎಂಜಲು ಹೋಯಿತು. ಮೂರನೆಯ ಸಲ, ಹೊಟ್ಟೆತುಂಬ ಹಬ್ಬದೂಟ ಮಾಡಿದ ಪುರೋಹಿತರೊಬ್ಬರು ದೂರದ ಕೋಣೆಯಲ್ಲಿ ತೇಗಿದಂತೆ ಏನೋ ಬಂತು. ಒಡುವೊರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಐವತ್ತೇಳು ವರ್ಷದ ಬದುಕಿನಲ್ಲಿ ಯಾರೂ ನನಗೋಸ್ಕರ ಎದ್ದು ನಿಂತಿರಲಿಲ್ಲ. ಮುಂದಿನ ಶನಿವಾರ ಬರುತ್ತೇನೆ ಎಂದುಬಿಟ್ಟೆ.

ಗ್ರೇಸ್ ಜೊತೆ ಸಂಧಾನ ಮಾಡಿಕೊಂಡೆ. ಅವಳು ಎದ್ದು ಡ್ಯೂಟಿಗೆ ಹೊರಟ ಮೇಲೆ, ಸಂಜೆ ಐದೂವರೆಯಿಂದ ಆರರವರೆಗೆ ಮಾತ್ರ ಊದಬೇಕು. "ನಿಲ್ಲಿಸಿ ಬನ್ನಿ ಅಂತ ಕಳಿಸಿದರೆ ನೀವೇ ಸೇರಿಕೊಂಡು ಬಂದಿರಾ?" ಎಂದು ನಕ್ಕಳು. ನಾಲ್ಕು ತಿಂಗಳು ಹೀಗೆ ನಡೆಯಿತು. ಬಾಲ್ಕನಿಯ ಬಾಗಿಲಿನಿಂದ ಹಂದಿಯ ತಲೆ ಆಚೆ ಹಾಕಿ, ನಾನು ಒಳಗೆ ಸೋಫಾದ ಮೇಲೆ ಮೊಣಕಾಲೂರಿ ಊದುವುದು. ತುಟಿ ಊದಿಕೊಂಡು ಬಜ್ಜಿಯಾಗುತ್ತಿತ್ತು. ಪುಣ್ಯಕ್ಕೆ ನಮ್ಮ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಎಲ್ಲರೂ ಮಾಸ್ಕ್ ಹಾಕಬೇಕು. ಸೋಮವಾರ ನನ್ನ ತುಟಿ ಹೇಗಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ, ಮಾಸ್ಕ್ ಇಲ್ಲದಿದ್ದರೂ ಗೊತ್ತಾಗುತ್ತಿರಲಿಲ್ಲವೇನೋ.

ಊದುವುದು ಅರ್ಧ ಗಂಟೆ. ಚಹಾ ಎರಡು ಗಂಟೆ. ಅವರ ಚಹಾದಲ್ಲಿ ಹಾಲು ಹೆಚ್ಚು, ಸಕ್ಕರೆ ಇನ್ನೂ ಹೆಚ್ಚು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರೂ ಕೂರುತ್ತಿರಲಿಲ್ಲ, ನನ್ನನ್ನೂ ಕೂರಿಸುತ್ತಿರಲಿಲ್ಲ. ಅದು ಅವರ ಹೆಂಡತಿಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ದಿನ ನಾನು, ಈ ಕಹಳೆ ಶತ್ರುಗಳನ್ನು ಹೆದರಿಸಲಿಕ್ಕಲ್ಲವೇ ಎಂದೆ.

"ಹಾಗಂತ ಬರೆದದ್ದು ಶತ್ರುಗಳು," ಎಂದರು ಒಡುವೊರ್. "ಗ್ರೀಕರು, ರೋಮನ್ನರು. ಕರ್ಕಶ, ಭಯಂಕರ ಅಂತ. ಊದಿದ ಜನ ಇದರ ಬಗ್ಗೆ ಒಂದು ಸಾಲೂ ಬರೆದಿಡಲಿಲ್ಲ. ಮುರೀಥಿ, ನನ್ನ ಬಗ್ಗೆ ಗೊತ್ತಾಗುವುದೆಲ್ಲ ದೂರು ಹೇಳಲು ಬಂದವರ ಪತ್ರದಿಂದಲೇ ಅಂದರೆ ಹೇಗಿರುತ್ತೆ ಯೋಚನೆ ಮಾಡಿ."

ನಾನು ಚಹಾದ ಕಡೆ ನೋಡಿದೆ.

"ಹಂದಿ ಅವರಿಗೆ ಕಾಡಿನ ಕೆಚ್ಚು. ಊದಿದಾಗ ಮನುಷ್ಯನ ಉಸಿರು ಮೃಗದ ಬಾಯಿಂದ ಬರುತ್ತೆ. ಅದು ಅವರಿಗೆ ವಾದ್ಯವೋ ದೇವರೋ ಹೇಳುವುದು ಕಷ್ಟ. ಆದರೆ ನನಗೊಂದು ಅನಿಸಿಕೆ ಇದೆ. ಪುರಾವೆ ಇಲ್ಲ, ಪರೀಕ್ಷೆಯಲ್ಲಿ ಬರೆದರೆ ನಾನೇ ಅಂಕ ಕೊಡಲ್ಲ. ಸೈನ್ಯದಲ್ಲಿ ತೀರಾ ಹಿಂದೆ ನಿಂತವನಿಗೆ ಏನು ಕಾಣುತ್ತೆ? ಮುಂದಿನವನ ಬೆನ್ನು. ಅಷ್ಟೇ. ಅವನು ತಲೆ ಎತ್ತಿದರೆ ಮೇಲೆ ಈ ಮುಖ ಕಾಣಬೇಕು, ಈ ಸದ್ದು ಕೇಳಬೇಕು. ನಾನೊಬ್ಬನೇ ಇಲ್ಲಿಲ್ಲ ಅಂತ ಅವನಿಗೆ ಗೊತ್ತಾಗಬೇಕು."

ಮಾರ್ಚ್ ಹೊತ್ತಿಗೆ ನನ್ನ ತೇಗು ಕೂಗಾಯಿತು. ಆಗ ಒಡುವೊರ್, ಕಿಸುಮು ಹತ್ತಿರದ ತಂಗಿಯ ಮನೆಗೆ ಹೋಗಿ ನೆಲೆಸಲು ನಿರ್ಧರಿಸಿದ್ದೇನೆ ಎಂದರು. ಹೃದಯ ಹೀಗಿರುವಾಗ ನಾಲ್ಕು ಮಹಡಿಯ ಮೆಟ್ಟಿಲು ಇನ್ನಾಗದು. ಹೋಗುವ ಮೊದಲು ಒಂದು ಉಪನ್ಯಾಸ ಮಾಡಬೇಕು, ಕೊನೆಯಲ್ಲಿ ಬಯಲಲ್ಲಿ ನಿಂತು ಇದನ್ನು ನೆಟ್ಟಗೆ ಎತ್ತಿ ಊದಬೇಕು. ಪಾರ್ಕ್‌ಲ್ಯಾಂಡ್ಸಿನಲ್ಲಿ ಒಂದು ವಾಚನಾಲಯದ ಸಭಾಂಗಣ ಸಿಕ್ಕಿತು. ಹಳೆಯ ವಿದ್ಯಾರ್ಥಿಗಳಿಗೆಲ್ಲ ಸಂದೇಶ ಕಳಿಸಿದೆವು. ಭಾನುವಾರ ಬೆಳಗ್ಗೆ ನಾನು ನಲವತ್ತು ಕುರ್ಚಿ ಹಾಕಿದೆ. ಅದು ನನಗೆ ಚೆನ್ನಾಗಿ ಬರುವ ವಿದ್ಯೆ.

ಬಂದವರು ನಾಲ್ವರು. ರಾತ್ರಿ ಪಾಳಿ ಮುಗಿಸಿ ನೇರ ಬಂದ ಗ್ರೇಸ್. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಮ್ಮಾರ ಮ್ವಾಂಗಿ. ವಾಚನಾಲಯದ ಕಾವಲುಗಾರ. ಮತ್ತೆ ಒಬ್ಬ ಗುಜರಾತಿ ಮಹಿಳೆ ಯೋಗದ ತರಗತಿ ಎಂದು ತಿಳಿದು ಚಾಪೆ ಸಮೇತ ಬಂದು, ಎದ್ದು ಹೋಗಲು ಸಂಕೋಚಪಟ್ಟುಕೊಂಡು ಕೂತರು. ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು 'ಪೋಲೆ' ಎಂದು, ಅಂದರೆ ಕ್ಷಮಿಸಿ ಎಂದು ಸಂದೇಶ ಕಳಿಸಿದ್ದರು. ಟ್ರಾಫಿಕ್ ಇರಬಹುದು, ಇನ್ನೊಂದು ಹತ್ತು ನಿಮಿಷ ನೋಡೋಣ ಎಂದು ನಾನು ಮೂರು ಸಲ ಅಂದೆ. ಭಾನುವಾರ ಬೆಳಗ್ಗೆ ಪಾರ್ಕ್‌ಲ್ಯಾಂಡ್ಸಿನಲ್ಲಿ ಟ್ರಾಫಿಕ್ ಇರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಒಡುವೊರ್ ಟೈ ಸರಿಮಾಡಿಕೊಂಡು ಎದ್ದರು. ನಲವತ್ತು ಕುರ್ಚಿಗಳನ್ನೂ ಉದ್ದೇಶಿಸಿ ಒಂದು ಗಂಟೆ ಪೂರ್ತಿ ಮಾತಾಡಿದರು. ಒಂದು ವಾಕ್ಯವನ್ನೂ ಮೊಟಕು ಮಾಡಲಿಲ್ಲ. ಬಲಬದಿಯ ಖಾಲಿ ಸಾಲಿನ ಕಡೆಗೂ ಆಗಾಗ ತಿರುಗಿ ನೋಡುತ್ತಿದ್ದರು. ನನಗೆ ಅವರ ಮುಖ ನೋಡಲಾಗದೆ ಕುರ್ಚಿಯ ಕಾಲುಗಳನ್ನು ಎಣಿಸಿದೆ.

ಆಮೇಲೆ ಹುಲ್ಲುಹಾಸಿಗೆ ಬಂದೆವು. ಮ್ವಾಂಗಿ ಸಾಗಿಸಲೆಂದು ಬಿಚ್ಚಿದ್ದ ಮೂರು ತುಂಡುಗಳನ್ನು ಜೋಡಿಸಿ ಬಿಗಿದ. ನಾನು ಕಹಳೆಯನ್ನು ನೆಟ್ಟಗೆ ಎತ್ತಿದೆ. ಮೊದಲ ಸಲ ಅದರ ತಲೆಯ ಮೇಲೆ ಸೂರಿರಲಿಲ್ಲ. ಹಂದಿಯ ಮುಖ ಜಕರಂಡಾ ಮರದ ಕೊಂಬೆಗಳ ಹತ್ತಿರ ಹೋಗಿ ನಿಂತಿತು. ಹೊಟ್ಟೆಯ ತಳದಿಂದ ಉಸಿರು ತಂದು ಊದಿದೆ.

ಆ ಸದ್ದನ್ನು ಹೇಗೆ ಹೇಳಲಿ? ಕೂಗು, ಅಳು, ಗದರಿಕೆ, ಮೂರೂ ಒಟ್ಟಿಗೆ ಎದ್ದವು. ನನ್ನ ಎದೆಯಿಂದ ಹೊರಟದ್ದು ನನ್ನ ತಲೆಯ ಮೇಲೆ ಎಲ್ಲಿಂದಲೋ ಬೇರೆ ಯಾರದೋ ಆಗಿ ಬಂತು. ಹುಲ್ಲಿನಲ್ಲಿ ಕೊಕ್ಕು ಹಾಕುತ್ತಿದ್ದ ಹಡಾಡಾ ಹಕ್ಕಿಗಳು, ನೈರೋಬಿಯಲ್ಲಿ ತಮಗಿಂತ ಜೋರಾಗಿ ಯಾರೂ ಕಿರುಚಲಾರರು ಎಂದು ನಂಬಿದ್ದವು, ಅವಮಾನದಿಂದ ಎದ್ದು ಹಾರಿಹೋದವು. ನಿಲ್ಲಿಸಿದ್ದ ಕಾರುಗಳ ಅಲಾರಂ ಒಂದಾದ ಮೇಲೊಂದು ಶುರುವಾದವು. ಪಕ್ಕದ ಮಂದಿರದ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದವರು ಯುಗಾದಿ ಕಾರ್ಯಕ್ರಮದ ತಾಲೀಮು ನಡೆಸುತ್ತಿದ್ದರು. ಅವರೆಲ್ಲ ಓಡಿಬಂದು ಕಾಂಪೌಂಡಿನ ಮೇಲಿಂದ ತಲೆ ಎತ್ತಿದರು. "ಅಯ್ಯೋ, ಮೂರ್ತಿಯವ್ರೇ! ನೀವಾ?" ಎಂದರು ಸಂಘದ ಅಧ್ಯಕ್ಷೆ ಶಶಿಕಲಾ. ಅವರ ಮಗಳು, "ಅಂಕಲ್, ಈಸ್ ದಟ್ ಎ ಡೈನೋಸಾರ್?" ಎಂದಳು.

ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ತಿರುಗಿ ನೋಡಿದರೆ ಒಡುವೊರ್ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಗ್ರೇಸ್ ಅವರ ನಾಡಿ ಹಿಡಿದಿದ್ದಳು, ಅಭ್ಯಾಸಬಲದಿಂದ. ಅವರ ಕೆನ್ನೆ ಒದ್ದೆಯಾಗಿತ್ತು. "ಇನ್ನೊಮ್ಮೆ ಊದಲಾ?" ಎಂದೆ. "ಬೇಡ. ಇದೇ. ಸಾಕು," ಎಂದರು.

ಏಪ್ರಿಲ್‌ನಲ್ಲಿ ಅವರು ಹೊರಟರು. ಕಹಳೆಯನ್ನು ಕಂಬಳಿಯಲ್ಲಿ ಸುತ್ತಿ ಪಿಕಪ್ಪಿನಲ್ಲಿ ಇಟ್ಟೆ. ಕೈ ಕುಲುಕಿ, ಸ್ವಾಹಿಲಿಯಲ್ಲಿ ಧನ್ಯವಾದ ಹೇಳುತ್ತ, "ಅಸಾಂಟೆ, ಮುರೀಥಿ," ಎಂದರು. ನನ್ನ ಹೆಸರು ಮೂರ್ತಿ ಎಂದು ಹೇಳುವುದನ್ನು ನಾನು ಯಾವತ್ತೋ ಬಿಟ್ಟಿದ್ದೆ. ಅವರ ಬಾಯಲ್ಲಿ ಅದು ನನ್ನ ಹೆಸರೇ ಆಗಿತ್ತು. ಮೇಲಿನ ಫ್ಲ್ಯಾಟಿಗೆ ಶಬ್ದವೇ ಮಾಡದ ದಂಪತಿ ಬಂದರು. ಕಾರ್ಯದರ್ಶಿಯಾಗಿ ನಾನು ಸಂತೋಷಪಡಬೇಕಿತ್ತು. ಶನಿವಾರ ಐದೂವರೆಗೆ ಚಹಾ ಮಾಡಿಕೊಂಡು ಕೂರುತ್ತಿದ್ದೆ. ಅವರ ಹಾಗೆ ಹಾಲು ಹೆಚ್ಚು ಹಾಕಿದೆ, ಸರಿಹೋಗಲಿಲ್ಲ. ಒಬ್ಬನಿಗೆ ಚಹಾ ಮಾಡುವಾಗ ಹಾಲಿನ ಅಳತೆ ಎಷ್ಟೆಂದು ಯಾರಾದರೂ ಬರೆದಿಡಬೇಕು.

ಅಕ್ಟೋಬರಿನಲ್ಲಿ ಶಶಿಕಲಾ ಫೋನ್ ಮಾಡಿದರು. "ಮೂರ್ತಿಯವ್ರೇ, ಈ ಸಲ ರಾಜ್ಯೋತ್ಸವಕ್ಕೆ ನಿಮ್ಮ ಆ ಕಹಳೆಯಿಂದಲೇ ಓಪನಿಂಗ್ ಮಾಡೋಣ ಅಂತ. ಪೇಟ, ಶಲ್ಯ ನಾವೇ ಕೊಡ್ತೀವಿ. ಸ್ಟೇಜ್ ಮಧ್ಯ ನೀವೇ." ಅವರ ಮಾತು ಮುಗಿಯುವ ಮೊದಲೇ ಆಗಲಿ ಅಂದೆ. ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಕನ್ನಡಿ ಮುಂದೆ ನಿಂತು ತಲೆಗೆ ಟವೆಲ್ ಸುತ್ತಿ ನೋಡಿಕೊಂಡೆ. ಕಹಳೆ ನನ್ನ ಹತ್ತಿರ ಇಲ್ಲ ಎನ್ನುವುದು ನೆನಪಾದದ್ದು ಆಮೇಲೆ.

ಒಡುವೊರ್ ಅವರಿಗೆ ಫೋನ್ ಮಾಡಿದೆ. ಒಂದು ವಾರಕ್ಕೆ ಕೊಡಿ, ನಾನೇ ಬಂದು ಒಯ್ಯುತ್ತೇನೆ ಎಂದೆ. "ಮುರೀಥಿ, ಅದು ಈಗ ಇಲ್ಲ. ಇಲ್ಲಿ ಸರೋವರದ ಅಂಚಿನ ಜೌಗಿಗೆ ಕೊಟ್ಟುಬಿಟ್ಟೆ."

"ಕೊಟ್ಟುಬಿಟ್ಟೆ ಅಂದರೆ?"

"ಕೆಲ್ಟರೂ ಹಾಗೇ ಮಾಡುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಒಂದು ಕಹಳೆಯ ಹಂದಿಯ ತಲೆ ಸಿಕ್ಕಿದ್ದು ಜೌಗಿನಲ್ಲಿ. ಫ್ರಾನ್ಸಿನ ಒಂದು ಗುಡಿಯ ಹೊಂಡದಲ್ಲಿ ಇಂಥ ಕಹಳೆಗಳನ್ನು ಬೇಕೆಂದೇ ಮುರಿದು ಹೂತಿದ್ದರು. ಕೆಲಸ ಮುಗಿಸಿದ ವಸ್ತುವನ್ನು ಮನುಷ್ಯರು ಮತ್ತೆ ಬಳಸದ ಹಾಗೆ ಮಾಡಿ ದೇವರಿಗೆ ಒಪ್ಪಿಸುವುದು. ನಾನು ಕೇಳಬೇಕಾದ್ದನ್ನು ಕೇಳಿಯಾಯಿತಲ್ಲ."

ನನಗೆ ನಿಜಕ್ಕೂ ಸಿಟ್ಟು ಬಂತು. "ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ಇಟ್ಟುಕೊಳ್ಳುತ್ತಿದ್ದೆ," ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಈ ದೇಶದಲ್ಲಿ ಯಾರ ಮೇಲೂ ನಾನು ಹಾಗೆ ಧ್ವನಿ ಏರಿಸಿರಲಿಲ್ಲ.

"ಇಟ್ಟುಕೊಂಡು ಗೋಡೆಗೆ ಒರಗಿಸುತ್ತಿದ್ದಿರಿ. ಆಮೇಲೆ ಅದರ ಧೂಳು ಒರೆಸುವುದು ನಿಮ್ಮ ಶನಿವಾರದ ಕೆಲಸ ಆಗುತ್ತಿತ್ತು," ಎಂದರು ಮೆಲ್ಲಗೆ. "ಆದರೆ ಕೇಳಬೇಕಿತ್ತು. ತಪ್ಪಾಯಿತು. ಜಾಗ ನೋಡಲು ಬನ್ನಿ. ಊಟಕ್ಕೆ ಬನ್ನಿ."

ಶಶಿಕಲಾ ಅವರಿಗೆ ವಿಷಯ ತಿಳಿಸಿದೆ. "ಅಷ್ಟೇ ತಾನೆ? ಬಿಡಿ, ಮೊಬೈಲ್‌ನಲ್ಲಿ ಶಂಖದ ಸದ್ದು ಹಾಕಿದರಾಯ್ತು," ಎಂದರು. ಇಷ್ಟು ಬೇಗ ಪರಿಹಾರ ಸಿಕ್ಕಬಾರದಿತ್ತು.

ಮುಂದಿನ ಶನಿವಾರ ಬೆಳಗಾಗುವ ಮೊದಲೇ ಕಿಸುಮು ಬಸ್ ಹಿಡಿದೆ. ಅಲ್ಲಿಂದ ಮಟಾಟು ವ್ಯಾನು, ಅಲ್ಲಿಂದ ನಡಿಗೆ. ಒಡುವೊರ್ ದೊಡ್ಡ ಹ್ಯಾಟ್ ಹಾಕಿಕೊಂಡು, ಮೊದಲಿಗಿಂತ ನಿಧಾನವಾಗಿ, ನನ್ನನ್ನು ಹೊಲದ ಆಚೆ ಕರೆದೊಯ್ದರು. ಆಳೆತ್ತರದ ಪಪೈರಸ್ ಜೊಂಡು, ಕಪ್ಪು ನೀರು, ಕಪ್ಪೆಗಳ ಸದ್ದು. ನೋಡಲು ಏನೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. "ಎರಡು ಸಾವಿರ ವರ್ಷ ಆದ ಮೇಲೆ ಯಾರೋ ಇಲ್ಲಿ ಅಗೆಯುತ್ತಾರೆ," ಎಂದರು. "ಕೆಲ್ಟರ ಕೊಳವೆ, ನಮ್ಮ ಹಂದಿಯ ಮುಖ. ಒಂದು ಸಮ್ಮೇಳನವೇ ನಡೆಯುತ್ತೆ. ಬಾಯಿಡುವ ಜಾಗದಲ್ಲಿ ನಿಮ್ಮ ಹಲ್ಲಿನ ಗೀರೂ ಇದೆ. ಅದರ ಮೇಲೆ ಒಬ್ಬನಿಗೆ ಡಾಕ್ಟರೇಟ್ ಸಿಗುತ್ತೆ." ಸಿಟ್ಟನ್ನು ಇನ್ನೂ ಸ್ವಲ್ಪ ಹೊತ್ತು ಉಳಿಸಿಕೊಳ್ಳಬೇಕೆಂದಿದ್ದೆ. ಆಗಲಿಲ್ಲ. ಇಬ್ಬರೂ ನಕ್ಕು ನಕ್ಕು, ಅವರ ಹೃದಯದ ನೆನಪಾಗಿ ಒಟ್ಟಿಗೆ ನಿಲ್ಲಿಸಿದೆವು.

ಊಟಕ್ಕೆ ಕೂತಾಗ ಅವರ ತಂಗಿ ಪೆರೆಸ್, ನಾನು ಮೀನು ತಿನ್ನುವುದಿಲ್ಲವೆಂದು ತಿಳಿದು ಮರುಕದಿಂದ ಇಮ್ಮಡಿ ಸೊಪ್ಪು ಬಡಿಸಿದರು. ಆಮೇಲೆ ಅಣ್ಣನನ್ನು, "ಯಾರು ಇವರು?" ಎಂದು ಕೇಳಿದರು.

"ನಮ್ಮ ಕಹಳೆಗಾರ," ಎಂದರು ಒಡುವೊರ್. "ಹೇಳಿರಲಿಲ್ಲವಾ? ಇಡೀ ಪಾರ್ಕ್‌ಲ್ಯಾಂಡ್ಸ್ ನಡುಗಿಸಿದವರು ಇವರೇ."

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಮ್ಯಾನೇಜರ್, ಸೆಕ್ರೆಟರಿ, ಅಂಕಲ್, ಎಲ್ಲ ಆಗಿದ್ದೇನೆ. ಇಂಥ ಹುದ್ದೆ ಸಿಕ್ಕಿರಲಿಲ್ಲ. ಪೆರೆಸ್ ಸೊಪ್ಪಿನ ಸೌಟು ಹಿಡಿದುಕೊಂಡೇ ನನ್ನನ್ನು ಒಮ್ಮೆ ಪೂರ್ತಿ ನೋಡಿದರು.

"ಇವರಾ?" ಎಂದರು. "ಬಂದಾಗ ಅರ್ಧ ಗಂಟೆ ನಮ್ಮ ಗೇಟಿನ ಹತ್ತಿರ ನಿಂತು ಕರೆದರಂತೆ, ಒಳಗೆ ಯಾರಿಗೂ ಕೇಳಿಸಲೇ ಇಲ್ಲ. ಪಾಪ, ನಾನು ಹಸುವಿಗೆ ನೀರು ಇಡಲು ಹೋಗಿರದಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದರು."